ದರ ಬರೆಯುವವಳು

ಫೆಬ್ರವರಿ 3

ಅಕ್ಕನಿಗೆ,

ವಕೀಲರ ಕಾಗದ ತಲುಪಿತು. ರಸ್ತೆ ಅಗಲ ಮಾಡುವುದಕ್ಕೆ ಅಪ್ಪನ ಬೋರ್ಡು ಬರೆಯುವ ಅಂಗಡಿ ಒಡೆದಿದ್ದಾರೆ, ಪರಿಹಾರ ಎರಡು ಲಕ್ಷ ಬಂದಿದೆ, ಅರ್ಧ ನಿಮ್ಮದು, ಎಲ್ಲಿಗೆ ಕಳಿಸಬೇಕು ತಿಳಿಸಿ ಅಂತ ಬರೆದಿದ್ದಾರೆ. ಒಂಬತ್ತು ವರ್ಷದ ಮೇಲೆ ನಿನ್ನ ಕಡೆಯಿಂದ ಬಂದ ಮೊದಲ ಕಾಗದ ವಕೀಲರದ್ದು. ಇರಲಿ. ಕೆಳಗೆ ನಿನ್ನ ಸಹಿ ಇತ್ತು, ಅದನ್ನು ಎರಡು ಸಲ ನೋಡಿದೆ.

ನನ್ನ ಅರ್ಧ ನನಗೆ ಬೇಡ. ಅದರಲ್ಲಿ ಟಿಕೆಟ್ ತೆಗೆದುಕೊಂಡು ಇಲ್ಲಿಗೆ ಬಾ. ಹೋಗಿ ಬರುವುದಕ್ಕೆ ಇಲ್ಲಿನ ದುಡ್ಡಿನಲ್ಲಿ ಸಾವಿರದ ನೂರು. ಇವತ್ತಿನ ರೇಟು ಒಂದಕ್ಕೆ ಎಂಬತ್ತು, ಅಂದರೆ ನಮ್ಮೂರ ದುಡ್ಡಿನಲ್ಲಿ ಎಂಬತ್ತೆಂಟು ಸಾವಿರ. ಇಲ್ಲಿಗೆ ಬಂದ ಮೇಲೆ ನಿನಗೆ ಖರ್ಚಿಲ್ಲ.

ನಾನಿರುವುದು ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ. ಕೆಳಗೆ ಮಿಷನ್ನುಗಳು ತಿರುಗುತ್ತಲೇ ಇರುವುದರಿಂದ ನೆಲ ಯಾವಾಗಲೂ ಬೆಚ್ಚಗಿರುತ್ತದೆ. ಕಿಟಕಿಯಿಂದ ಬಸ್ ಸ್ಟಾಪು ಕಾಣುತ್ತದೆ. ಮಡಿಸುವ ಮಂಚ ಒಂದು ಹೆಚ್ಚಿಗೆ ಇದೆ. ಕೆಲಸ ಅದೇ ದೊಡ್ಡ ಬೇಕರಿಯಲ್ಲಿ.

ಯಾಕೆ ಈಗ ಅಂತ ಕೇಳುತ್ತೀಯ. ವಿಶೇಷವೇನಿಲ್ಲ. ನೋಡಬೇಕು ಅನ್ನಿಸಿತು. ನವೆಂಬರಿನ ಒಳಗೆ ಆದರೆ ಒಳ್ಳೆಯದು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು.

ಫೋನ್ ಮಾಡಬೇಡ. ಫೋನಿನಲ್ಲಿ ನಾವಿಬ್ಬರೂ ಜಗಳ ಬಿಟ್ಟು ಬೇರೇನೂ ಆಡಿಲ್ಲ. ಬರೆ.

ಅಪ್ಪ ಇಟ್ಟ ಹೆಸರು ನಿನಗೆ ನೆನಪಿದ್ದರೆ,
ಸಣ್ಣ ಬ್ರಷ್ಷು


ಫೆಬ್ರವರಿ 26

ಸಣ್ಣ ಬ್ರಷ್ಷಿಗೆ,

ಮೊದಲು ಅಕ್ಷರದ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಬೋರ್ಡು ಬರೆಯುವವರ ಮನೆಯಲ್ಲಿ ಮೊದಲು ನೋಡುವುದು ಅದನ್ನೇ. ಲಕೋಟೆ ಒಡೆದಾಗ ಬೇರೆ ಯಾರೋ ಬರೆದದ್ದು ಅಂದುಕೊಂಡೆ. ನಿನ್ನ ಅಕ್ಷರ ಓಡುತ್ತಿತ್ತು. ಇವು ಒಂದೊಂದೂ ಕೈಕಟ್ಟಿ ನಿಂತಿವೆ, ಸಾಹೇಬರಿಗೆ ಅರ್ಜಿ ಕೊಡಲು ಬಂದವರ ಹಾಗೆ. ಅಷ್ಟು ನಯ ಮಾಡಿ ಬರೆದವಳು ಶಾಯಿ ಒಣಗುವಷ್ಟು ಹೊತ್ತು ಕಾದಿಲ್ಲ, ಸಾಲುಸಾಲಿಗೂ ನೀಲಿ ಸವರಿಕೊಂಡಿದೆ. ಅಪ್ಪ ಆಗಿದ್ದರೆ ಹರಿದು ಕೈಗೆ ಕೊಡುತ್ತಿದ್ದರು. ಹೊರಗಿನವರಿಗೆ ಬರೆಯುವ ಹಾಗೆ ಬರೆಯಬೇಕೆಂದಿದ್ದರೆ ಹಾಗೇ ಬರೆ, ನನಗೇನೂ ಬೇಜಾರಿಲ್ಲ. ಇದೆ, ಸ್ವಲ್ಪ.

ಈಗ ಇಲ್ಲಿನ ಸುದ್ದಿ. ಅಂಗಡಿ ಹೋದ ಮೇಲೆ ಬಣ್ಣದ ಡಬ್ಬಿಗಳೆಲ್ಲ ನಮ್ಮ ಮೆಟ್ಟಿಲ ಕೆಳಗೆ ಸೇರಿವೆ. ಬೋರ್ಡುಗಳನ್ನು ಮೆಟ್ಟಿಲಿನ ಕಟಕಟೆಗೆ ಒರಗಿಸಿ ಒಣಗಿಸುತ್ತೇನೆ. ಕೆಳಮನೆಯಾಕೆ ಟರ್ಪೆಂಟೈನ್ ವಾಸನೆಗೆ ತಲೆನೋವು ಅಂತ ದಿನಾ ಒಂದು ಸಲ ಬಾಗಿಲು ತಟ್ಟುತ್ತಾಳೆ. ಮಂಜುಗಡ್ಡೆ ಕಾರ್ಖಾನೆಯ ಹಿಂದೆ ಒಂದು ಕೋಣೆ ನೋಡಿದ್ದೇನೆ. ಗೋಡೆ ನೇರವಾಗಿದೆ, ಬೆಳಕು ಉತ್ತರದಿಂದ ಬರುತ್ತದೆ. ಮುಂಗಡ ಒಂದು ಲಕ್ಷದ ಹತ್ತು ಸಾವಿರ.

ಕೆಲಸಕ್ಕೇನೂ ಬರವಿಲ್ಲ. ನಮ್ಮ ದುಡ್ಡು ಬೀಳುತ್ತಿದೆಯಲ್ಲ, ಅದರಿಂದ ಬದುಕುತ್ತಿರುವ ಏಕೈಕ ಪ್ರಾಣಿ ನಾನಿರಬೇಕು. ಹೋಟೆಲಿನವನು, ಔಷಧಿ ಅಂಗಡಿಯವನು, ಕ್ಷೌರದವನು, ಎಲ್ಲರೂ ಬೆಲೆಪಟ್ಟಿ ವಾರಕ್ಕೊಮ್ಮೆ ಬದಲಾಯಿಸುತ್ತಾರೆ. ಹೋದ ವರ್ಷ ಬರೆದ ಪಟ್ಟಿ ವರ್ಷವಿಡೀ ಇತ್ತು. ಈಗ ಬಣ್ಣ ಒಣಗುವುದರೊಳಗೆ ಬೆಲೆ ಹಳತಾಗುತ್ತದೆ. ಪೇಟೆ ಮೂಲೆಯಲ್ಲಿ ಹಣ ಬದಲಿಸುವ ಅಂಗಡಿ ಇದೆಯಲ್ಲ, ಅಲ್ಲಿಯ ದರದ ಬೋರ್ಡು ಕೂಡ ನನ್ನದೇ. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ನಿನ್ನೆಯ ಅಂಕಿ ಅಳಿಸಿ ಇವತ್ತಿನದು ಬರೆಯುತ್ತೇನೆ. ಇವತ್ತು ಎಂಬತ್ತಾರು ಬರೆದು ಬಂದೆ.

ನೀನು ಬರೆದ ದಿನದ ಲೆಕ್ಕದಲ್ಲಿ ಅಳೆದು ಸುರಿದು ಎರಡೂ ಆಗುತ್ತಿತ್ತು, ಟಿಕೆಟ್ಟೂ ಕೋಣೆಯೂ. ಕೈಯಲ್ಲಿ ಎರಡು ಸಾವಿರ ಉಳಿಯುತ್ತಿತ್ತು. ಇವತ್ತಿನ ಲೆಕ್ಕದಲ್ಲಿ ನಾಲ್ಕೂವರೆ ಸಾವಿರ ಕಡಿಮೆ. ರೇಟು ಮತ್ತೆ ಇಳಿಯುತ್ತದೆ ಅಂತ ರೇಟಿನಣ್ಣ ಹೇಳುತ್ತಾನೆ. ಹಣ ಬದಲಿಸುವ ಅಂಗಡಿ ಅವನದೇ, ಆದ್ದರಿಂದ ಸ್ವಲ್ಪ ಕಾಯುತ್ತೇನೆ.

ಅಪ್ಪ ಹೋದಾಗ ನೀನು ಫೋನಿನಲ್ಲಿ ಹೇಳಿದ್ದು ಒಂದೇ ಮಾತು, ಟಿಕೆಟ್ ದುಬಾರಿ ಅಕ್ಕ ಅಂತ. ಈಗ ಅದೇ ಮಾತು ನನ್ನ ಬಾಯಿಗೂ ಬರುತ್ತಿದೆ. ಮನೆತನದ ಮಾತು ಅನ್ನೋಣ.

ನಿನ್ನ ಅಕ್ಕ,
ದಪ್ಪ ಬ್ರಷ್ಷು


ಮಾರ್ಚ್ 22

ಅಕ್ಕ,

ನಿನ್ನ ಕಾಗದ ಓದಿ ನಗು ಬಂತು, ಅಪ್ಪನ ವಿಷಯ ಬರುವವರೆಗೆ.

ಕಾಯಬೇಡ. ದುಡ್ಡನ್ನು ಮಂಜುಗಡ್ಡೆ ಕಾರ್ಖಾನೆಯ ಹಿಂದೆ ಇಟ್ಟರೂ ಕರಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ನಿಜ, ಆದರೆ ಹಾಸಿಗೆಯೇ ದಿನಕ್ಕೆ ಒಂದು ಗೇಣು ಕುಗ್ಗುತ್ತಿರುವಾಗ ಬೇಗ ಮಲಗಿ ಎದ್ದುಬಿಡುವುದು ಒಳ್ಳೆಯದು. ಕೋಣೆಯ ಮುಂಗಡವನ್ನೂ ಈಗಲೇ ಕೊಟ್ಟುಬಿಡು. ಸ್ವಲ್ಪ ಕಡಿಮೆ ಬಿದ್ದರೆ ಮಾಲೀಕನಿಗೆ ಒಂದು ಬೋರ್ಡು ಬರೆದುಕೊಡು, ಮಂಜುಗಡ್ಡೆಯವನಿಗೆ ಬೋರ್ಡು ಬೇಡವೇ.

ಅಕ್ಷರದ ಬಗ್ಗೆ ಬರೆದಿದ್ದೀಯ. ಕೇಕಿನ ಮೇಲೆ ಹೆಸರು ಬರೆದು ಬರೆದು ಕೈ ನಿಧಾನ ಆಗಿದೆ, ಅಷ್ಟೇ. ಹೊರಗಿನವರಿಗೆ ಬರೆಯುವ ಹಾಗೆ ನಾನು ಬರೆಯಲಿಲ್ಲ.

ನಿನಗೊಂದು ಉಪಾಯ. ಬೆಲೆಪಟ್ಟಿಯಲ್ಲಿ ವಸ್ತುವಿನ ಹೆಸರು ಮಾತ್ರ ಬಣ್ಣದಲ್ಲಿ ಬರೆ. ಬೆಲೆಯ ಜಾಗಕ್ಕೆ ಶಾಲೆಯ ಹಲಗೆಯ ಹಾಗೆ ಕರಿ ಬಣ್ಣ ಬಳಿದು ಬಿಡು. ಅಂಗಡಿಯವರು ಸೀಮೆಸುಣ್ಣದಲ್ಲಿ ತಾವೇ ಬರೆದುಕೊಳ್ಳಲಿ. ನಿನಗೆ ಇಲ್ಲಿಗೆ ಬರಲು ಬಿಡುವು ಸಿಗುತ್ತದೆ.

ಮನೆಯೊಳಗೆ ಹಾಕಿಕೊಳ್ಳುವ ಚಪ್ಪಲಿ ಒಂದು ಜೊತೆ ತಂದಿಟ್ಟಿದ್ದೇನೆ. ನಿನ್ನ ಪಾದದ ಅಳತೆ ಬದಲಾಗಿಲ್ಲ ಅಂದುಕೊಂಡಿದ್ದೇನೆ. ಬರುವಾಗ ಅಪ್ಪನ ಉದ್ದ ಕೂದಲಿನ ಗೆರೆ ಬ್ರಷ್ಷು ತಾ. ಇದೆ ತಾನೆ? ಒಡೆಯುವಾಗ ಕಳೆದುಹೋಗಿಲ್ಲ ತಾನೆ?

ಸಣ್ಣ ಬ್ರಷ್ಷು


ಮೇ 2

ಸಣ್ಣ ಬ್ರಷ್ಷಿಗೆ,

ಗೆರೆ ಬ್ರಷ್ಷು ಇದೆ. ಎಣ್ಣೆ ಹಚ್ಚಿ ಕಾಗದದಲ್ಲಿ ಸುತ್ತಿಟ್ಟಿದ್ದೇನೆ. ಕೇಕು ಬರೆಯುವವಳಿಗೆ ಅದು ಯಾಕೆ ಅಂತ ಗೊತ್ತಾಗಲಿಲ್ಲ.

ಇವತ್ತು ನೂರ ಹತ್ತು ಬರೆದೆ. ಮೂರು ಅಂಕಿಗೆ ಬೋರ್ಡಿನಲ್ಲಿ ಜಾಗ ಸಾಲದೆ ಚೌಕಟ್ಟನ್ನೇ ಬದಲಾಯಿಸಬೇಕಾಯಿತು. ಚೌಕಟ್ಟಿಗೂ ದುಡ್ಡು ಕೊಟ್ಟ, ರೇಟಿನಣ್ಣ. ಬಂದದ್ದೆಲ್ಲ ಬಣ್ಣದ ಡಬ್ಬಿಗೇ ಹೋಗುತ್ತದೆ, ಯಾಕೆಂದರೆ ಬಣ್ಣ ನಿಮ್ಮ ಕಡೆಯಿಂದ ಹಡಗು ಹತ್ತಿ ಬರುವುದು. ಈಗ ಟಿಕೆಟ್ ಒಂದು ಲಕ್ಷದ ಇಪ್ಪತ್ತೊಂದು ಸಾವಿರ. ಕೋಣೆಯ ಮುಂಗಡ ಒಂದು ಲಕ್ಷದ ನಲವತ್ತು. ಎರಡರಲ್ಲಿ ಒಂದು ಮಾತ್ರ ಆಗುತ್ತದೆ.

ಎಲ್ಲರನ್ನೂ ಕೇಳಿದೆ, ಅದೇ ನಾನು ಮಾಡಿದ ತಪ್ಪು. ಔಷಧಿ ಅಂಗಡಿಯವನ ಪ್ರಕಾರ ಈ ಕಾಲದಲ್ಲಿ ಹೊರದೇಶಕ್ಕೆ ಹೋಗುವವರು ಹುಚ್ಚರು, ಅಲ್ಲಿ ಒಂದು ಲೋಟ ಕಾಫಿಯ ದುಡ್ಡಿಗೆ ಇಲ್ಲಿ ಒಂದು ದಿನದ ಸಂಸಾರ ನಡೆಯುತ್ತದೆ. ಕ್ಷೌರದವನ ಪ್ರಕಾರ ಈಗಲೇ ಹೋಗದಿದ್ದರೆ ಮುಂದೆ ಹೋಗುವುದೇ ಇಲ್ಲ. ಅವನು ಮೂವತ್ತು ವರ್ಷದಿಂದ ಆ ಕುರ್ಚಿ ಬಿಟ್ಟು ಎಲ್ಲಿಗೂ ಹೋದವನಲ್ಲ. ಕೆಳಮನೆಯಾಕೆ ಮಾತ್ರ ನೇರವಾಗಿ ಕೇಳಿದಳು.

"ನಮ್ಮ ದುಡ್ಡು ಬಿದ್ದಷ್ಟೂ ನಿಮ್ಮ ತಂಗಿಗೆ ಇಲ್ಲಿಗೆ ಬರೋದು ಅಗ್ಗ ಅಲ್ವೇನ್ರೀ? ಆಕೆನೇ ಬರಬಹುದಲ್ಲ?"

ನಾಲ್ಕು ತಿಂಗಳಿಂದ ಅಂಕಿ ಬರೆಯುತ್ತಿರುವ ನನಗೆ ಇದು ಹೊಳೆದಿರಲಿಲ್ಲ. ಇಲ್ಲ, ಹೊಳೆದಿತ್ತು, ನಾನೇ ಬದಿಗೆ ಇಟ್ಟಿದ್ದೆ ಅನ್ನಿಸುತ್ತದೆ. ನಿನಗೆ ಇಲ್ಲಿ ಊಟ, ವಸತಿ, ಓಡಾಟ, ಎಲ್ಲ ಪುಕ್ಕಟೆಯ ಹಾಗೆ. ಹೀಗಿದ್ದೂ ನನ್ನನ್ನು ಕರೆಯುತ್ತೀಯ, ನೀನು ಬರುವ ಮಾತೇ ಎತ್ತುವುದಿಲ್ಲ. ಅವತ್ತೂ ಹಾಗೆಯೇ. ಅಪ್ಪನ ದೇಹವನ್ನು ಮಂಜುಗಡ್ಡೆಯ ಮೇಲೆ ಮಲಗಿಸಿ ಮೂರು ದಿನ ಕಾದೆ, ನೀನು ಮನಸ್ಸು ಬದಲಾಯಿಸಬಹುದು ಅಂತ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನಗೆ ಯಾವಾಗಲೂ ಟಿಕೆಟ್ಟೇ ಡೊಂಕು.

ಸೀಮೆಸುಣ್ಣದ ಉಪಾಯ ಚೆನ್ನಾಗಿದೆ. ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿಕೊಂಡ ಹಾಗಾಗುತ್ತದೆ, ಅಷ್ಟೇ.

ದಪ್ಪ ಬ್ರಷ್ಷು


ಜೂನ್ 28

ಅಕ್ಕ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ನಾಲ್ಕು ಸಲ ಕೂತೆ.

ನಾನು ಬರಲಾರೆ. ಕಾರಣ ಕೇಳಬೇಡ. ನೀನು ಹೇಳುವುದೂ ಸರಿ, ಕರೆಯುವ ಹಕ್ಕು ನನಗೆ ಇರಲಿಲ್ಲ. ದುಡ್ಡನ್ನು ಕೋಣೆಗೆ ಹಾಕು. ಉತ್ತರದ ಬೆಳಕು ಸಿಗುವ ಕೋಣೆ ಮತ್ತೆ ಸಿಗುವುದಿಲ್ಲ.

ಚಪ್ಪಲಿ ಇಲ್ಲೇ ಇರಲಿ, ಅದೇನು ಅನ್ನ ಕೇಳುತ್ತದೆಯೇ.

ತಂಗಿ


ಜುಲೈ 30

ಸಣ್ಣ ಬ್ರಷ್ಷಿಗೆ,

ನಿನ್ನ ಕಾಗದ ಓದಿ ಸಿಟ್ಟಿನಲ್ಲೇ ಮಂಜುಗಡ್ಡೆಯವನ ಹತ್ತಿರ ಹೋದೆ. ಮುಂಗಡ ಒಂದು ಲಕ್ಷದ ಎಪ್ಪತ್ತಕ್ಕೆ ಏರಿಸಿದ್ದ. ಚೌಕಾಸಿ ಮಾಡಲಿಲ್ಲ, ಆಗಸ್ಟ್ ಐದಕ್ಕೆ ಕೊಡುತ್ತೇನೆ ಅಂದು ಬಂದೆ.

ಅದು ಹಾಗಿರಲಿ. ನಿನ್ನೆ ನಡೆದದ್ದು ಹೇಳುತ್ತೇನೆ.

ರೇಟಿನಣ್ಣನ ಬೋರ್ಡನ್ನು ಯಾರೋ ಕಲ್ಲು ಹೊಡೆದು ಬಗ್ಗಿಸಿದರು. ಇನ್ನು ಮುಂದೆ ಕಿಟಕಿಯ ಗಾಜಿನ ಮೇಲೆ ಒಳಗಿನಿಂದ ಬರೆಯಿರಿ, ಹೊರಗಿನವರು ಕೈ ಹಾಕದ ಹಾಗೆ ಅಂದ. ಗಾಜಿನ ಕೆಲಸ ಯಾವತ್ತೂ ನಿನ್ನದು. ಅಪ್ಪ ನನ್ನ ಕೈಗೆ ಗಾಜು ಕೊಟ್ಟವರೇ ಅಲ್ಲ. ಒಳಗೆ ನಿಂತು, ಹೊರಗಿನವರಿಗೆ ನೇರವಾಗಿ ಕಾಣುವ ಹಾಗೆ, ಎಲ್ಲವನ್ನೂ ತಿರುಗುಮುರುಗು ಬರೆಯಬೇಕಲ್ಲ. ಬಲದಿಂದ ಎಡಕ್ಕೆ ಹೋಗುತ್ತಾ ಮೂರು ಅಂಕಿ ಬರೆದೆ. ತಿರುಗಿ ನೋಡಿದರೆ ಮೂರೂ ಸವರಿಹೋಗಿವೆ. ಬರೆದ ಬಣ್ಣದ ಮೇಲೆಯೇ ನನ್ನ ಅಂಗೈ ಹಾದುಹೋಗಿತ್ತು. ಕೈ ತಿರುಗಿಸಿದೆ. ಕಿರುಬೆರಳಿನ ಬದಿ ಪೂರ್ತಿ ನೀಲಿ.

ಬಣ್ಣ ಒರೆಸಿಕೊಳ್ಳದೆ ಬ್ರಷ್ಷು ಕೆಳಗಿಟ್ಟೆ. ರೇಟಿನಣ್ಣ ನೀರು ತಂದುಕೊಟ್ಟ.

ಮನೆಗೆ ಬಂದು ನಿನ್ನ ಮೂರೂ ಕಾಗದ ಮೇಜಿನ ಮೇಲೆ ಹರಡಿದೆ. ಪ್ರತಿ ಸಾಲಿನಲ್ಲೂ ಶಾಯಿ ಎಡದಿಂದ ಬಲಕ್ಕೆ ಸವರಿದೆ. ಬರೆದದ್ದರ ಮೇಲೆ ಕೈ ಹಾದುಹೋದರೆ ಮಾತ್ರ ಹಾಗಾಗುತ್ತದೆ. ಬಲಗೈಯಲ್ಲಿ ಬರೆಯುವವರ ಕೈ ಬರೆದದ್ದನ್ನು ಮುಟ್ಟುವುದಿಲ್ಲ. ಗೆರೆಗಳನ್ನು ನೋಡಿದೆ. ಅಪ್ಪ ನಮಗೆ ಎಲ್ಲಿಂದ ಶುರು ಮಾಡಲು ಕಲಿಸಿದರೋ ಅಲ್ಲಿ ನಿನ್ನ ಗೆರೆ ಮುಗಿಯುತ್ತದೆ. ಫೆಬ್ರವರಿಯಲ್ಲೇ ಇದೆಲ್ಲ ನನ್ನ ಕಣ್ಣ ಮುಂದೆ ಇತ್ತು. ನಲವತ್ತು ವರ್ಷ ಅಕ್ಷರ ತಿದ್ದಿದವಳು ಅದನ್ನು ಪ್ರೀತಿಯಿಲ್ಲದ ನಯ, ಅವಸರ, ಅಹಂಕಾರ ಅಂತೆಲ್ಲ ಓದಿದೆ.

ನಿನ್ನೆ ಎರಡು ಸಲ ಫೋನ್ ಮಾಡಿದೆ. ರಿಂಗಾಯಿತು, ನೀನು ಎತ್ತಲಿಲ್ಲ. ಆದ್ದರಿಂದ ಬರೆದು ಕೇಳುತ್ತಿದ್ದೇನೆ.

ನಿನ್ನ ಬಲಗೈಗೆ ಏನಾಯಿತು?

ಉತ್ತರ ಬರುವವರೆಗೆ ಯಾರಿಗೂ ದುಡ್ಡು ಕೊಡುವುದಿಲ್ಲ.

ಅಕ್ಕ


ಆಗಸ್ಟ್ 20

ಅಕ್ಕ,

ಫೋನ್ ರಿಂಗಾಗುವಾಗ ಪಕ್ಕದಲ್ಲೇ ಕೂತಿದ್ದೆ.

ಹೌದು, ಎಡಗೈ. ಹೋದ ನವೆಂಬರಿನಲ್ಲಿ ಆದದ್ದು. ಒಂದು ಕೇಕಿನ ಮೇಲೆ ಯಾರದೋ ಹೆಸರು ಬರೆಯುತ್ತಿದ್ದೆ. ಮೂರನೆಯ ಅಕ್ಷರಕ್ಕೆ ಕೈ ನಿಂತುಹೋಯಿತು, ಕ್ರೀಮಿನ ಕೋನು ಜಾರಿ ಬಿತ್ತು. ಕೇಕು ಹಾಳಾಯಿತಲ್ಲ ಅಂತಲೇ ನನಗೆ ಮೊದಲ ಚಿಂತೆ. ಆಮೇಲೆ ನಾನೂ ಬಿದ್ದೆ. ತಲೆಯೊಳಗೆ ರಕ್ತ ಕಟ್ಟಿಕೊಂಡಿತ್ತಂತೆ. ಕಾಲು ಬೇಗ ಸರಿಹೋಯಿತು. ನಾಲಿಗೆ ನಾಲ್ಕೈದು ತಿಂಗಳು ತೊದಲಿತು, ಫೋನು ಬೇಡ ಅಂದದ್ದು ಅದಕ್ಕೇ. ಬಲಗೈ ಮಾತ್ರ ಹಾಗೇ ಇದೆ. ಬೇಕರಿಯವರು ಕೆಲಸದಿಂದ ತೆಗೆಯಲಿಲ್ಲ, ಎಡಗೈಯಲ್ಲಿ ಡಬ್ಬಿಗಳಿಗೆ ಮುಚ್ಚಳ ಹಾಕುತ್ತೇನೆ. ಸಂಬಳ ಅರ್ಧ. ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಹೋಗಬೇಕು, ಅದನ್ನು ಬಿಟ್ಟು ಬರುವಂತಿಲ್ಲ. ನನಗೆ ಅಲ್ಲಿಗೆ ಬರುವುದು ಅಗ್ಗ ಅನ್ನುವುದು ನಿಜ. ಆದರೆ ಬರಲಾಗುವುದಿಲ್ಲ.

ಅಲ್ಲಿ ವ್ಯಾಯಾಮ ಮಾಡಿಸುವಾಕೆ ಹೇಳುತ್ತಾಳೆ, ಮೊದಲ ಒಂದು ವರ್ಷದಲ್ಲಿ ಎಷ್ಟು ಬರುತ್ತದೋ ಹೆಚ್ಚುಕಡಿಮೆ ಅಷ್ಟೇ ಅಂತ. ಚೆಂಡು ಹಿಸುಕಿಸುತ್ತಾಳೆ, ಗುಂಡಿ ಹೆಕ್ಕಿಸುತ್ತಾಳೆ. ನನ್ನ ಕೈಗೆ ಅದ್ಯಾವುದೂ ಗೊತ್ತಿಲ್ಲ. ಗೊತ್ತಿರುವುದು ಗೆರೆ ಒಂದೇ. ಅಪ್ಪ ನಮ್ಮ ಕೈ ಮೇಲೆ ತಮ್ಮ ಕೈ ಇಟ್ಟು ದಿನಕ್ಕೆ ನೂರು ಗೆರೆ ಎಳೆಸುತ್ತಿದ್ದರಲ್ಲ, ಹಾಗೆ ಯಾರಾದರೂ ಎಳೆಸಿದರೆ ಕೈಗೆ ನೆನಪಾದೀತು ಅನ್ನಿಸಿತು. ಅಪ್ಪನ ಕೈ ಇಲ್ಲ. ಇರುವುದು ನಿನ್ನದು. ನವೆಂಬರಿನ ಒಳಗೆ ಅಂದದ್ದು, ಬ್ರಷ್ಷು ತಾ ಅಂದದ್ದು ಅದಕ್ಕೆ.

ಯಾಕೆ ಹೇಳಲಿಲ್ಲ ಅಂತ ಕೇಳುತ್ತೀಯ. ಹೇಳಿದ್ದರೆ ನೀನು ಮಾರನೆಯ ದಿನವೇ ಹೊರಡುತ್ತಿದ್ದೆ, ಹಲ್ಲು ಕಚ್ಚಿಕೊಂಡು, ಕರ್ತವ್ಯ ಅಂತ. ಒಂಬತ್ತು ವರ್ಷದ ಮೇಲೆ ನೀನು ಕನಿಕರಕ್ಕೆ ಬರುವುದು ನನಗೆ ಬೇಡವಾಗಿತ್ತು. ಸುಮ್ಮನೆ ಬರಲಿ ಅಂತ ಆಸೆ.

ಅಪ್ಪನ ವಿಷಯ. ದುಡ್ಡು ಇತ್ತು ಅಕ್ಕ. ಟಿಕೆಟ್ ಅಂಗಡಿಯ ಬಾಗಿಲವರೆಗೆ ಹೋಗಿ ವಾಪಸ್ ಬಂದೆ. ಅಪ್ಪನ ಕೈ ಅಲ್ಲಾಡದೆ ಬಿದ್ದಿರುವುದನ್ನು ನೋಡಲು ನನಗೆ ಧೈರ್ಯ ಬರಲಿಲ್ಲ. ದುಬಾರಿ ಅಂದದ್ದು ಸುಳ್ಳು. ಈಗ ದಿನಾ ಅಂಥದೇ ಒಂದು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಊಟ ಮಾಡುತ್ತೇನೆ.

ಈಗ ಒಂದಕ್ಕೆ ನೂರ ಐವತ್ತಂತೆ. ಬರಬೇಡ. ಇದ್ದಬದ್ದದ್ದನ್ನೆಲ್ಲ ಟಿಕೆಟ್ಟಿಗೆ ಸುರಿದರೆ ನಿನಗೆ ಕೆಲಸಕ್ಕೊಂದು ಜಾಗ ಇರುವುದಿಲ್ಲ. ಒಬ್ಬಳ ಕೈ ಹೋದದ್ದು ಸಾಕು.

ಸಣ್ಣ ಬ್ರಷ್ಷು


ಸೆಪ್ಟೆಂಬರ್ 9

ಸಣ್ಣ ಬ್ರಷ್ಷಿಗೆ,

ಟಿಕೆಟ್ ತೆಗೆದುಕೊಂಡೆ. ಇಪ್ಪತ್ತೊಂದನೇ ತಾರೀಕು ಬೆಳಿಗ್ಗೆ ಹನ್ನೊಂದಕ್ಕೆ ಇಳಿಯುತ್ತೇನೆ. ಅಕ್ಟೋಬರ್ ಇಪ್ಪತ್ತೇಳರವರೆಗೆ ಇರುತ್ತೇನೆ. ದಿನಕ್ಕೆ ನೂರು ಗೆರೆ.

ಒಂದಕ್ಕೆ ನೂರ ಅರವತ್ತು. ಬೆಳಿಗ್ಗೆ ಗಾಜಿನ ಮೇಲೆ ಬರೆದವಳೂ ನಾನೇ, ಹೊರಗೆ ಬಂದು ಅದನ್ನು ಓದಿ ದುಡ್ಡು ಕೊಟ್ಟವಳೂ ನಾನೇ.

ಕೋಣೆ ಹೋಯಿತು. ಫೋನ್ ರಿಪೇರಿಯವನು ತೆಗೆದುಕೊಂಡ.

ಅಂಗಡಿಗಳಿಗೆಲ್ಲ ಬೆಲೆಯ ಜಾಗಕ್ಕೆ ಕರಿ ಬಣ್ಣ ಬಳಿದು ಸೀಮೆಸುಣ್ಣ ಕೊಟ್ಟೆ. ಎಲ್ಲರೂ ಖುಷಿಯಾಗಿದ್ದಾರೆ. ವಾಪಸ್ ಬಂದ ಮೇಲೆ ಕೆಲಸ ಇರುವುದಿಲ್ಲ, ನೋಡೋಣ.

ಇನ್ನೊಂದು ವಿಷಯ. ನನ್ನ ವೀಸಾ ಏಪ್ರಿಲ್ ಇಪ್ಪತ್ತೊಂಬತ್ತಕ್ಕೇ ಆಗಿತ್ತು, ಆರು ತಿಂಗಳದ್ದು. ನಿನಗೆ ಹೇಳಿರಲಿಲ್ಲ. ಬಂದಾಗ ಮುದ್ರೆಯ ಮೇಲಿನ ತಾರೀಕು ತೋರಿಸುತ್ತೇನೆ. ಆಗ ನಿನ್ನ ಕೈಯ ವಿಷಯ ನನಗೆ ಗೊತ್ತಿರಲಿಲ್ಲ.

ಈ ಕಾಗದ ಎಡಗೈಯಲ್ಲಿ ಬರೆದೆ. ಬೆಳಿಗ್ಗೆ ಕೂತವಳು, ಈಗ ಮಧ್ಯಾಹ್ನ ಮೂರು ಗಂಟೆ. ಒಂದು ಪುಟವೂ ತುಂಬಲಿಲ್ಲ. ಫೆಬ್ರವರಿಯಲ್ಲಿ ನೀನು ಎರಡು ಪುಟ ಬರೆದಿದ್ದೆ. ಅದನ್ನು ನಾನು ಅರ್ಜಿ ಅಂದೆ.

ನಿನ್ನ ಅಕ್ಕ,
ದಪ್ಪ ಬ್ರಷ್ಷು